ಹಳೇ ಸಂಗೀತ ನಾಟಕ ಮತ್ತೆ ಆಡ್ತೀರಾ? ಜನ ನಿಜವಾಗಿ ಏನಂದ್ಕೊಂಡ್ರು ಅಂತ ಕಂಡುಹಿಡಿಯೋದು ಹೀಗೆ

ಮೊದ್ಲು ನಮ್ಮ ಪಾಡು ಹೇಳ್ಬಿಡ್ತೀನಿ. ನಮ್ಮ ಹವ್ಯಾಸಿ ತಂಡ ಮಡಿಕೇರಿಲಿ 'ಸದಾರಮೆ' ಆಡ್ತು, ಗುಬ್ಬಿ ವೀರಣ್ಣನವರ ವೃತ್ತಿ ನಾಟಕ ಕಂಪನಿ ಮನೆಮನೆಗೆ ಮುಟ್ಟಿಸಿದ ನಾಟಕ ಅದು, ಅದ್ರಲ್ಲಿ ವೀರಣ್ಣನವರ ಕಳ್ಳನ ಪಾತ್ರದ ಬಗ್ಗೆ ಈಗ್ಲೂ ಹಿರಿಯರು ಕಣ್ಣರಳಿಸಿ ಮಾತಾಡ್ತಾರೆ. ಪರದೆ ಬಿದ್ದ ತಕ್ಷಣ ಜನ ಒಳಗೆ ನುಗ್ಗಿ ಕೈ ಕುಲುಕಿದ್ದೇ ಕುಲುಕಿದ್ದು, ಸೂಪರ್, ಸೂಪರ್. ನಾವು ಮೂರು ದಿನ ನೆಲದ ಮೇಲೆ ಕಾಲಿಡ್ಲಿಲ್ಲ. ಮುಂದಿನ ವಾರ ಎರಡನೇ ಶೋಗೆ ಅರ್ಧ ಹಾಲ್ ಖಾಲಿ! ಬಣ್ಣ ಹಚ್ಚಿದ ಮುಖದ ಎದುರು ನಿಂತ್ಕೊಂಡು ಯಾರೂ ಬೋರಾಯ್ತು ಅನ್ನಲ್ಲ ಮಾರಾಯ್ರೇ, ಅದು ನಮಗೆ ಆಗ ಹೊಳೀಲಿಲ್ಲ. ಆಮೇಲೆ ಏನೇನು ಕಲಿತ್ವೋ ಅದನ್ನ ಬರೀತಿದ್ದೀನಿ, ನಿಮಗಾದ್ರೂ ಉಪಯೋಗಕ್ಕೆ ಬರ್ಲಿ.

ಶೋಗೆ ಮೊದ್ಲು ಹಾಲಲ್ಲಿ ಯಾರ್ಯಾರು ಕೂತಿರ್ತಾರೆ ಅಂತ ಒಂದು ಅಂದಾಜು ಇಟ್ಕೊಳ್ಳಿ. ಕಂಪನಿ ನಾಟಕ ರಾತ್ರಿಯಿಡೀ ನೋಡಿ ಬೆಳಗ್ಗೆ ಮನೆಗೆ ಹೋದವರು ಒಂದು ಗುಂಪು, ಅವ್ರು ಬರೋದೇ ಹಾಡಿಗೆ, ಕಥೆ ಬಾಯಿಪಾಠ. ರಂಗ ನಿರ್ದೇಶಕ ಬಿ.ವಿ. ಕಾರಂತರ ರಂಗಗೀತೆ ಕೇಳಿ ಬೆಳೆದವರು ಇನ್ನೊಂದು, ಇವ್ರಿಗೆ ಹಾಡು ಕಥೆಯನ್ನ ಮುಂದಕ್ಕೆ ತಳ್ಳಬೇಕು, ಸುಮ್ನೆ ಆಲಾಪನೆ ಮಾಡ್ತಾ ನಿಂತ್ರೆ ಆಗಲ್ಲ. ಕಾಲೇಜ್ ಹುಡುಗ್ರು ಮೂರನೇದು. ನಮ್ಮ ಕೊಡಗಲ್ಲಿ ಇನ್ನೊಂದು ವಿಷ್ಯ ಇದೆ, ಕಿರುಂದಾಡಿನ ಹರದಾಸ ಅಪ್ಪಚ್ಚಕವಿ 1906ರಲ್ಲೇ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಯಯಾತಿ ನಾಟಕ ಬರೆದವರು, 1918ರಲ್ಲಿ ಕಾವೇರಿ ನಾಟಕ, ಎಲ್ಲಾ ಹಾಡು ತುಂಬಿದ ನಾಟಕಗಳೇ. ಹಾಗಾಗಿ ನಾಪೋಕ್ಲು ಕಡೆಯಿಂದ ಬಂದ ಅಜ್ಜ ನಿಮ್ಮ ನಾಟಕನ ಯಾವುದಕ್ಕೆ ಹೋಲಿಸಿ ನೋಡ್ತಿದ್ದಾರೆ ಅಂತ ನಿಮಗೆ ಗೊತ್ತಾಗೋದೇ ಇಲ್ಲ, ಕೇಳೋವರೆಗೂ.

ಈಗ ಮುಖ್ಯ ಕೆಲ್ಸ. ತಂಡದಲ್ಲಿ ಪಾರ್ಟ್ ಇಲ್ಲದ ಮೂರು ಜನನ ಆರಿಸಿ, ಪ್ರತಿಯೊಬ್ರಿಗೂ ಸ್ಕ್ರಿಪ್ಟ್‌ನ ಜೆರಾಕ್ಸ್ ಒಂದು, ಪೆನ್ಸಿಲ್ ಒಂದು. ಮುಂದಿನ ಸಾಲಲ್ಲಿ ಕೂರಿಸ್ಬೇಡಿ, ಅಲ್ಲಿ ಅತಿಥಿಗಳು, ಫೋಟೋದವನ ಭಯಕ್ಕೆ ಅವರು ಆಕಳಿಸೋದೂ ಇಲ್ಲ. ಪಕ್ಕದ ಗೋಡೆಗೆ ಒರಗಿ, ಸ್ಟೇಜ್‌ಗೆ ಅರ್ಧ ಬೆನ್ನು ಹಾಕಿ, ಜನರ ಮುಖ ಕಾಣೋ ಹಾಗೆ ಕೂರ್ಬೇಕು. ನಾಟಕ ನೋಡೋ ಆಸೆ ಇರೋರಿಗೆ ಈ ಕೆಲ್ಸ ಕೊಡ್ಬೇಡಿ, ನಮ್ಮ ಒಬ್ಬ ಹುಡುಗ ಮೊದ್ಲ ಸೀನ್ ಆದ್ಮೇಲೆ ಪೆನ್ಸಿಲ್ ಕೆಳಗಿಟ್ಟು ನಾಟಕನೇ ನೋಡ್ತಾ ಕೂತ್ಬಿಟ್ಟ. ಎಲ್ಲಿ ಜನ ಜೊತೆಗೆ ಗುನುಗಿದ್ರು, ಎಲ್ಲಿ ಮೊಬೈಲ್ ಬೆಳಕು ಕಾಣ್ತು, ಎಲ್ಲಿ ಕೆಮ್ಮು ಶುರುವಾಯ್ತು, ಎಲ್ಲಿ ಪಕ್ಕದವ್ರ ಕಡೆ ತಿರುಗಿದ್ರು, ಆ ಸಾಲಿನ ಎದುರಿಗೇ ಗುರುತು ಹಾಕ್ಬೇಕು. ಕೆಮ್ಮು ಅಂದ್ರೆ ನಗ್ಬೇಡಿ, ಮಡಿಕೇರಿ ಚಳಿಗೆ ಎಲ್ರಿಗೂ ಕೆಮ್ಮಿರುತ್ತೆ ನಿಜ, ಆದ್ರೆ ಒಳ್ಳೇ ಹಾಡು ನಡೀತಿದ್ರೆ ತಡ್ಕೊಂಡಿರ್ತಾರೆ, ಹಿಡಿತ ತಪ್ಪಿದ ತಕ್ಷಣ ನಾಲ್ಕು ಕಡೆಯಿಂದ ಒಟ್ಟಿಗೆ ಬರುತ್ತೆ.

ಎರಡನೇ ಶೋಲಿ ನಾನೇ ಈ ಕೆಲ್ಸಕ್ಕೆ ಕೂತಿದ್ದೆ. ಎಡಗಡೆ ಐದನೇ ಸಾಲಲ್ಲಿ ಒಬ್ರು ಅಜ್ಜ, ಕಪ್ಪು ಕೋಟು, ಕಾಲ ನಡುವೆ ಮರದ ಹಿಡಿಯ ಛತ್ರಿ. ನಾಂದಿ ಪದ್ಯ, ಅಂದ್ರೆ ನಾಟಕದ ಮೊದ್ಲ ಪ್ರಾರ್ಥನೆ ಹಾಡು, ಶುರುವಾಗಿದ್ದೇ ತಡ ಅವರ ಬೆರಳು ಛತ್ರಿ ಹಿಡಿ ಮೇಲೆ ತಾಳ ಹಾಕೋಕೆ ಶುರು. ಎರಡನೇ ಹಾಡಿಗೂ ಹಾಕಿದ್ರು. ಮೂರನೇದನ್ನ ನಾವು ಟೈಮ್ ಉಳಿಸೋಕೆ ಅಂತ ಓಡಿಸಿದ್ವಿ, ಹಾರ್ಮೋನಿಯಂ ಬಿಟ್ಟು ಕೀಬೋರ್ಡ್ ಟ್ರ್ಯಾಕ್ ಹಾಕಿದ್ವಿ. ಬೆರಳು ಎರಡು ಸಲ ತಾಳ ಹುಡುಕ್ತು, ಸಿಗ್ಲಿಲ್ಲ, ನಿಂತೋಯ್ತು. ಸ್ವಲ್ಪ ಹೊತ್ತಿಗೆ ಛತ್ರಿನ ಮೆಲ್ಲಗೆ ನೆಲದ ಮೇಲೆ ಮಲಗಿಸಿದ್ರು, ಕೊನೆವರೆಗೂ ಎತ್ಕೊಳ್ಳಲಿಲ್ಲ. ಕೊನೇಲಿ ಎದ್ದು ಚಪ್ಪಾಳೆ ಹೊಡೆದ್ರು, ಹೊರಗೆ ಸಿಕ್ಕಾಗ 'ಬಾರಿ ಒಳ್ಳೇದಾಯ್ತು' ಅಂತ ಬೆನ್ನೂ ತಟ್ಟಿದ್ರು. ನಾನು ನಂಬಿದ್ದು ಛತ್ರಿನ.

ಒನ್ಸ್ ಮೋರ್ ವಿಷ್ಯ. ಕಂಪನಿ ಕಾಲದಲ್ಲಿ ಜನ ಒನ್ಸ್ ಮೋರ್ ಅಂದ್ರೆ ಸತ್ತು ಬಿದ್ದ ಪಾತ್ರನೂ ಎದ್ದು ಹಾಡಿ ಮತ್ತೆ ಸಾಯ್ತಿತ್ತು ಅಂತ ತಮಾಷೆ ಮಾಡ್ತಾರಲ್ಲ, ಈಗ ಹಳೇ ನಾಟಕ ಅಂತ ಗೊತ್ತಾದ್ರೆ ಕೆಲವ್ರು ಚೇಷ್ಟೆಗೇ ಕೂಗ್ತಾರೆ, ಇಲ್ಲಾಂದ್ರೆ ನಟನ ಬಾವನೋ ಚಿಕ್ಕಪ್ಪನ ಮಗನೋ ಕೂಗ್ತಾನೆ. ಹಾಗಾಗಿ ಯಾವ ಕಡೆಯಿಂದ ಬಂತು ಅಂತ ಬರ್ಕೊಳ್ಳಿ. ಎರಡು ಮೂರು ದಿಕ್ಕಿಂದ ಬಂದ್ರೆ ಮಾತ್ರ ನಿಜ. ಮತ್ತೆ ಹಾಡ್ಬೇಕಾ ಬೇಡ್ವಾ ಅಂತ ಹಾರ್ಮೋನಿಯಂನವ್ರ ಜೊತೆ ಮೊದ್ಲೇ ಮಾತಾಡಿ ಇಟ್ಕೊಳ್ಳಿ, ನಾವು ಈಗ ಪಲ್ಲವಿ ಮಾತ್ರ ಕೊಡ್ತೀವಿ.

ಎದ್ದು ಹೋದವರ ಲೆಕ್ಕ, ಇದ್ರಲ್ಲೇ ಎಲ್ರೂ ಮೋಸ ಹೋಗೋದು. ನಮ್ಮೂರಲ್ಲಿ ಎದ್ದು ಹೋದ್ರು ಅಂದ್ರೆ ಇಷ್ಟ ಆಗ್ಲಿಲ್ಲ ಅಂತ ಅಲ್ಲ. ಸೋಮವಾರಪೇಟೆ ಕಡೆಗೋ ವಿರಾಜಪೇಟೆ ಕಡೆಗೋ ಕೊನೇ ಬಸ್ ಇರುತ್ತೆ, ಸಿದ್ದಾಪುರ ಕಡೆಯ ತೋಟದವ್ರಿಗೆ ಕತ್ತಲಾದ್ರೆ ದಾರೀಲಿ ಆನೆ ಭಯ, ಅವ್ರು ಕಳ್ಳನ ಸೀನ್ ಎಷ್ಟೇ ಚೆನ್ನಾಗಿದ್ರೂ ಏಳ್ಲೇಬೇಕು. ಅದಕ್ಕೆ ಬಾಗಿಲ ಹತ್ರ ಒಬ್ರನ್ನ ನಿಲ್ಸಿ, ಗಂಟೆ ಮತ್ತೆ ಆಗ ನಡೀತಿದ್ದ ಹಾಡು ಎರಡೂ ಬರೀಲಿ. ಹತ್ತು ಜನ ಒಟ್ಟಿಗೆ ಎದ್ರೆ ಬಸ್ಸು. ಒಬ್ಬೊಬ್ರೇ, ಹಾಡಿನ ಮಧ್ಯೆ, ಬಗ್ಗಿಕೊಂಡು ಹೋದ್ರೆ ಅದು ನಿಮ್ಮ ಹಾಡು. ಈ ಲೆಕ್ಕ ನೋಡಿದ್ಮೇಲೆ ನಾವು ಶೋನ ಸಂಜೆ 5.30ಕ್ಕೆ ತಂದ್ವಿ, ಅಷ್ಟಕ್ಕೇ ಅರ್ಧ ಸಮಸ್ಯೆ ಹೋಯ್ತು. ಜೂನ್‌ನಿಂದ ಸೆಪ್ಟೆಂಬರ್ ಮಧ್ಯೆ ಶೀಟ್ ಛಾವಣಿ ಹಾಲ್‌ನಲ್ಲಿ ಆಡಿದ್ರೆ ಮಾತ್ರ ಯಾವ ಲೆಕ್ಕನೂ ಬೇಡ, ಮಳೆ ಸದ್ದಿಗೆ ಏನೂ ಕೇಳಿಸಿರಲ್ಲ.

ಇಂಟರ್ವಲ್‌ನಲ್ಲಿ ಟೀ ಕೊಡೋ ಜಾಗದಲ್ಲಿ ಒಬ್ರು ಸುಮ್ನೆ ಕ್ಯೂಲಿ ನಿಲ್ಲಿ. ಏನೂ ಕೇಳ್ಬೇಡಿ. ಕನ್ನಡ ಒಂದೇ ಬಂದ್ರೆ ಇಲ್ಲಿ ಅರ್ಧ ಮಾತು ತಪ್ಪುತ್ತೆ, ಕೊಡವ ತಕ್ಕ್, ಅರೆಭಾಷೆ ಎರಡೂ ಬರೋರನ್ನ ಕಳ್ಸಿ. ಚಾಯಿ ಉಂಡ್ ಅಂತಲೋ ಲಾಯ್ಕ್ ಉಟ್ಟು ಅಂತಲೋ ಎಲ್ರೂ ಅಂತಾರೆ, ಎರಡಕ್ಕೂ ಚೆನ್ನಾಗಿದೆ ಅಂತಲೇ ಅರ್ಥ, ಅದನ್ನ ಬರ್ಕೋಬೇಡಿ, ಅದಾದ್ಮೇಲೆ 'ಆದ್ರೆ' ಅಂತ ಏನು ಬರುತ್ತೋ ಅದನ್ನ ಬರ್ಕೊಳ್ಳಿ. ನಮಗೆ ಸಿಕ್ಕಿದ್ದು: 'ಹುಡುಗಿ ಒಳ್ಳೇ ಹಾಡ್ತಾಳೆ, ಆದ್ರೆ ಒಂದು ಶಬ್ದನೂ ಗೊತ್ತಾಗಲ್ಲ.' ನೋಡಿದ್ರೆ ಕಾಲರ್ ಮೈಕ್ ಸೆರಗಿನ ಒಳಗೆ ಹೋಗಿತ್ತು. ದೂರುಗಳಲ್ಲಿ ಮೊದ್ಲು ಮೈಕಿನ ದೂರು ಬೇರೆ ತೆಗೆದಿಡಿ, ಇಲ್ಲಾಂದ್ರೆ ಪಾಪ ಗಾಯಕಿನ ಬದಲಾಯಿಸಿಬಿಡ್ತೀರಾ.

ಚೀಟಿ ಕೊಡೋದಾದ್ರೆ ಎರಡೇ ಪ್ರಶ್ನೆ ಸಾಕು. 'ಹೇಗಿತ್ತು?' ಅಂತ ಮಾತ್ರ ಕೇಳ್ಬೇಡಿ, ಚೆನ್ನಾಗಿತ್ತು ಅಂತ ಬರೆದು ಪೆನ್ನು ಜೇಬಿಗೆ ಹಾಕ್ಕೊಂಡು ಹೋಗ್ತಾರೆ. 'ಈಗ ಬಾಯಲ್ಲಿ ಯಾವ ಹಾಡಿದೆ?', 'ಎಲ್ಲಿ ಗಂಟೆ ನೋಡ್ಕೊಂಡ್ರಿ?' ಇಷ್ಟು ಕೇಳಿ. ಕೆಳಗೆ ವಯಸ್ಸು, ಊರು. ಹೆಸರು ಬೇಡ, ಹೆಸರು ಕೇಳಿದ ತಕ್ಷಣ ಎಲ್ರೂ ಮರ್ಯಾದಸ್ಥರಾಗ್ತಾರೆ. ಕನ್ನಡಕ ಮರೆತು ಬಂದ ಹಿರಿಯರಿಗೆ ಹುಡುಗ್ರೇ ಕೇಳಿ ಬರ್ಕೊಡ್ಲಿ. ಕಾಲೇಜಿನವ್ರು ಚೀಟಿ ಮುಟ್ಟಲ್ಲ, ಅವರ ಸ್ಟೇಟಸ್ ನೋಡಿ, ಯಾವ ಹಾಡಿನ ವಿಡಿಯೋ ಹಾಕಿದ್ದಾರೆ ಅಂತ, ಅದೇ ಅವರ ಉತ್ತರ.

ಇನ್ನು 'ಹಿಂದಿನ ಹಾಗಿಲ್ಲ ಬಿಡಿ' ಅನ್ನೋರು. ಇವ್ರ ಮೇಲೆ ಸಿಟ್ಟಾಗ್ಬೇಡಿ, ವಾಪಸ್ ಒಂದೇ ಮಾತು ಕೇಳಿ, ಹಿಂದೆ ಎಲ್ಲಿ ನೋಡಿದ್ರಿ ಅಂತ. ಮೈಸೂರಲ್ಲಿ ಟೆಂಟ್‌ನಲ್ಲಿ, ಈ ಹಾಡಿಗೆ ಮೊದ್ಲು ಹಾರ್ಮೋನಿಯಂನವ್ರು ಇಷ್ಟುದ್ದ ಬಾರಿಸ್ತಿದ್ರು, ಕಳ್ಳ ಈ ಕಡೆಯಿಂದ ಬರ್ತಿದ್ದ ಅಂತ ವಿವರ ಹೇಳಿದ್ರೆ ಕಾಫಿ ಕುಡಿಸಿ ಕೂರಿಸಿ ಎಲ್ಲಾ ಬರ್ಕೊಳ್ಳಿ. ಹಾಗೇ ಏನೋ ಹಿಂದೆ ಚೆನ್ನಾಗಿತ್ತು ಅಂದ್ರೆ ಅವರು ನೆನಪು ಮಾಡ್ಕೊತಿರೋದು ತಮ್ಮ ಹದಿನಾರನೇ ವಯಸ್ಸನ್ನ, ಅದನ್ನ ನೀವು ಸ್ಟೇಜ್ ಮೇಲೆ ತರೋಕಾಗಲ್ಲ. ಹುಡುಗ್ರು ತಪ್ಪು ಜಾಗದಲ್ಲಿ ನಗೋದೂ ಹೀಗೇ. ಹೆಂಡತಿ ಗಂಡನ ಕಾಲು ಹಿಡಿದು ಹಾಡೋ ಕಡೆ ನಮ್ಮಲ್ಲಿ ನಗು ಬಂತು, ತಂಡದಲ್ಲಿ ಅರ್ಧ ಜನ ಕಟ್ ಮಾಡಿ ಅಂದ್ರು. ನನ್ನ ಪ್ರಕಾರ ಹಾಡು ಇರ್ಲಿ, ಹಿಡಿಯೋ ಕಾಲು ಬೇಡ. ದೂರ ನಿಂತು ಹಾಡಿಸಿದ್ವಿ, ಮೂರನೇ ಶೋಲಿ ಯಾರೂ ನಗ್ಲಿಲ್ಲ.

ಎಲ್ಲಾ ಸೇರಿಸಿ ನೋಡೋಕೆ ಮಾರನೇ ದಿನ ಕೂರ್ಬೇಡಿ, ನಾಲ್ಕು ದಿನ ಬಿಡಿ, ಅಷ್ಟರಲ್ಲಿ ಸಂತೇಲಿ, ತೋಟದಲ್ಲಿ ಕೇಳಿದ ಮಾತೂ ಬಂದಿರುತ್ತೆ. ಮೂರು ಸ್ಕ್ರಿಪ್ಟ್ ಪಕ್ಕ ಪಕ್ಕ ಇಟ್ಟು, ಮೂರರಲ್ಲೂ ಗುರುತು ಬಿದ್ದ ಜಾಗ ಮಾತ್ರ ತಗೊಳ್ಳಿ, ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಬದಲಾವಣೆ ಬೇಡ, ಆಮೇಲೆ ಯಾವುದರಿಂದ ಸರಿಹೋಯ್ತು ಅಂತಲೇ ಗೊತ್ತಾಗಲ್ಲ. ನಾವು ಆ ಕಾಲು ಹಿಡಿಯೋ ಸೀನ್ ಬಿಟ್ರೆ ನಾಟಕದೊಳಗೆ ಬದಲಾಯಿಸಿದ್ದು ಒಂದೇ, ಕೀಬೋರ್ಡ್ ಟ್ರ್ಯಾಕ್ ತೆಗೆದು ಹಾರ್ಮೋನಿಯಂ ವಾಪಸ್ ತಂದ್ವಿ. ಹಾಂ, ಚೀಟಿಗಳನ್ನ ಅವತ್ತೇ ಒಂದು ನೋಟ್‌ಬುಕ್‌ಗೆ ಇಳಿಸಿಬಿಡಿ. ನಮ್ಮ ಮೊದ್ಲ ಶೋದ ಚೀಟಿಗಳನ್ನ ರಟ್ಟಿನ ಡಬ್ಬಿಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ವಿ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಮುಗಿದು ತೆಗೆದ್ರೆ ಪೂರ್ತಿ ಬೂಷ್ಟು, ಒಂದಕ್ಷರ ಓದೋಕಾಗ್ಲಿಲ್ಲ.