ಕಾನಿಕ್ ಹಿಲ್: ಸ್ಕಾಟ್ಲೆಂಡಿನ ಪುಟ್ಟ ಬೆಟ್ಟವೊಂದಕ್ಕೆ ಅರ್ಧ ದಿನದ ಚಾರಣ

ಲಾಕ್ ಲೋಮಂಡ್ ಸರೋವರದ ಪೂರ್ವ ದಡದಲ್ಲಿರುವ ಬಲ್ಮಾಹಾ ಎಂಬ ಹಳ್ಳಿಯ ಬೆನ್ನಿಗೇ ಕಾನಿಕ್ ಹಿಲ್ ನಿಂತಿದೆ. ಅದರ ಎತ್ತರ ಕೇವಲ 361 ಮೀಟರ್. ಆದರೂ ಸರೋವರದ ಮಟ್ಟದಿಂದಲೇ ಹತ್ತಬೇಕಾಗಿರುವುದರಿಂದ ಆ ಎತ್ತರದಲ್ಲಿ ಹೆಚ್ಚಿನ ರಿಯಾಯಿತಿಯೇನೂ ಸಿಗುವುದಿಲ್ಲ.

ಗ್ಲಾಸ್ಗೋದಿಂದ ಹೊರಡುವವರು ಕ್ವೀನ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಹತ್ತಿ ಬಲಾಕ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಬಲ್ಮಾಹಾ ತಲುಪಬಹುದು. ಬಸ್ಸುಗಳು ವಿರಳವಾದ್ದರಿಂದ ಹಿಂದಿರುಗುವ ಬಸ್ಸಿನ ಸಮಯವನ್ನು ಮೊದಲೇ ನೋಡಿಕೊಂಡು, ಅದಕ್ಕೆ ತಕ್ಕಂತೆ ಹೊರಡುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ.

ಹೋಗಿಬರುವ ದಾರಿ ಸುಮಾರು 4 ಕಿಲೋಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ, ಇಂದಿಗೂ ಬಳಕೆಯಲ್ಲಿರುವ ಸೂತ್ರದಂತೆ, 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ ಹಾಗೂ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಲೆಕ್ಕ ಹಾಕಿದರೆ ಒಂದೂವರೆ ಗಂಟೆಯೂ ಆಗುವುದಿಲ್ಲ. ಆದರೆ ಈ ಸೂತ್ರವು ವಿಶ್ರಾಂತಿಯನ್ನಾಗಲಿ, ಒದ್ದೆಯಾದ ಇಳಿಜಾರನ್ನಾಗಲಿ ಗಣನೆಗೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಮೂರು ಗಂಟೆಯನ್ನು ಮೀಸಲಿಡುವುದೇ ಸರಿ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೂ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆ ತಿಂಗಳಲ್ಲಿ ಬೆಳಿಗ್ಗೆಯೇ ಹೊರಡಬೇಕು, ಚೀಲದಲ್ಲಿ ಟಾರ್ಚ್ ಇರಲೇಬೇಕು.

ಉಡುಪಿನ ವಿಷಯದಲ್ಲಿ ನಮ್ಮವರು ಹೆಚ್ಚಿನ ಗಮನ ಕೊಡಬೇಕು. ಮಲೆನಾಡಿನ ಮಳೆಯಲ್ಲಿ ನೆನೆದರೂ ಮೈ ಬೆಚ್ಚಗಿರುತ್ತದೆ. ಇಲ್ಲಿ ಜುಲೈ ತಿಂಗಳಲ್ಲೂ ನೆನೆದ ಮೈಗೆ ಗಾಳಿ ಬಡಿದರೆ ಕೆಲವೇ ನಿಮಿಷಗಳಲ್ಲಿ ನಡುಕ ಹಿಡಿಯುತ್ತದೆ. ಜೀನ್ಸ್ ಮತ್ತು ಹತ್ತಿ ಬಟ್ಟೆಗಳನ್ನು ಮನೆಯಲ್ಲೇ ಬಿಡಿ. ಬೇಗ ಒಣಗುವ ಪ್ಯಾಂಟು, ಉಣ್ಣೆಯ ಅಥವಾ ಫ್ಲೀಸ್‌ನ ಮೇಲಂಗಿ, ನೀರು ಒಳಗಿಳಿಯದ ಜಾಕೆಟ್, ಹಿಡಿತವಿರುವ ಬೂಟು, ಒಂದು ಫ್ಲಾಸ್ಕ್ ಬಿಸಿ ಚಹಾ ಇದ್ದರೆ ಸಾಕು.

ಹಳ್ಳಿಯ ಕಾರ್ ಪಾರ್ಕಿಂಗಿನ ಹಿಂಬದಿಯಿಂದ ಕಾಡಿನೊಳಗೆ ದಾರಿ ಆರಂಭವಾಗುತ್ತದೆ. ಸ್ವಲ್ಪದರಲ್ಲೇ ಅದು 154 ಕಿಲೋಮೀಟರ್ ಉದ್ದದ ವೆಸ್ಟ್ ಹೈಲ್ಯಾಂಡ್ ವೇ ಎಂಬ ಕಾಲುದಾರಿಯನ್ನು ಸೇರುತ್ತದೆ. ಷಟ್ಕೋನದೊಳಗೆ ಥಿಸಲ್ ಹೂವಿರುವ ಚಿಹ್ನೆಯ ಕಂಬಗಳು ಅದರ ಗುರುತು. ಕಾಡು ಮುಗಿದ ಮೇಲೆ ಕಲ್ಲಿನ ಮೆಟ್ಟಿಲುಗಳ ಕಡಿದಾದ ಏರು ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಥಿಸಲ್ ಚಿಹ್ನೆಯ ದಾರಿ ನೆತ್ತಿಗೆ ಹೋಗುವುದಿಲ್ಲ, ಪಕ್ಕದ ಇಳಿಜಾರಿನಲ್ಲಿ ಹಾದು ಡ್ರಿಮನ್ ಹಳ್ಳಿಯ ಕಡೆಗೆ ಸಾಗುತ್ತದೆ. ಆದ್ದರಿಂದ ಬಲಕ್ಕೆ, ಏಣಿನ (ಬೆಟ್ಟದ ಬೆನ್ನಿನ) ಮೇಲಕ್ಕೆ ಕವಲೊಡೆಯುವ ದಾರಿಯನ್ನು ಹಿಡಿಯಬೇಕು. ದಾರಿಯಲ್ಲಿ ದನ, ಕುರಿಗಳು ಮೇಯುತ್ತಿರುತ್ತವೆ. 2003ರ ಭೂಸುಧಾರಣಾ ಕಾಯ್ದೆ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ನಡೆದಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆಯಾದರೂ, ಆ ಹಕ್ಕು ಹೊಣೆಗಾರಿಕೆಗೆ ಒಳಪಟ್ಟದ್ದು. ಮುಚ್ಚಿದ್ದ ಗೇಟನ್ನು ದಾಟಿದ ಕೂಡಲೇ ಮತ್ತೆ ಮುಚ್ಚಬೇಕು.

ಏಣಿನ ಮೇಲೆ ಒಂದಕ್ಕಿಂತ ಹೆಚ್ಚು ದಿಬ್ಬಗಳಿವೆ. ಅತಿ ಎತ್ತರದ ದಿಬ್ಬವನ್ನೇ ಮುಟ್ಟಬೇಕೆಂಬ ಹಟ ಬೇಡ. ತಗ್ಗಿನ ದಿಬ್ಬದಿಂದಲೂ ನೋಟ ಅಷ್ಟೇ ಭವ್ಯವಾಗಿದೆ. ನೈಋತ್ಯಕ್ಕೆ ಮುಖಮಾಡಿ ನಿಂತರೆ ಇಂಚ್‌ಕೈಲಾಕ್, ಟಾರಿಂಚ್, ಕ್ರೀಂಚ್, ಇಂಚ್‌ಮರಿನ್ ದ್ವೀಪಗಳು ನಿಮ್ಮ ಕಾಲಡಿಯ ಏಣಿನ ನೇರಕ್ಕೇ ಸಾಲಾಗಿ ಕಾಣುತ್ತವೆ. ಆರನ್ ದ್ವೀಪದಿಂದ ಸ್ಟೋನ್‌ಹೇವನ್‌ವರೆಗೆ ಸ್ಕಾಟ್ಲೆಂಡನ್ನು ಓರೆಯಾಗಿ ಸೀಳುವ ಹೈಲ್ಯಾಂಡ್ ಸ್ತರಭಂಗ, ಅಂದರೆ ನೆಲದಾಳದ ಬಂಡೆಗಳಲ್ಲಿನ ಬಿರುಕು, ಸಾಗಿರುವುದು ಇದೇ ಗೆರೆಯಲ್ಲಿ. ಒಂದೇ ನೋಟದಲ್ಲಿ ಉತ್ತರದ ಬೆಟ್ಟಸೀಮೆಯನ್ನೂ ದಕ್ಷಿಣದ ಬಯಲುಸೀಮೆಯನ್ನೂ ತೋರಿಸುವ ಇಷ್ಟು ಸುಲಭದ ಬೆಟ್ಟ ಅಪರೂಪ. ಬಗ್ಗಿ ಬಂಡೆಯನ್ನೂ ನೋಡಿ: ಕಾಂಕ್ರೀಟಿನಲ್ಲಿ ಹುದುಗಿಸಿದಂತೆ ನುಣುಪಾದ ಉರುಟು ಕಲ್ಲುಗಳು ಅದರ ತುಂಬ ಕಾಣುತ್ತವೆ.

ಅದೇ ಉರುಟು ಕಲ್ಲುಗಳು ಬಂಡೆಯಿಂದ ಕಳಚಿ ದಾರಿಯಲ್ಲಿ ಚೆಲ್ಲಿರುವುದರಿಂದ, ಇಳಿಯುವಾಗ ಅವು ಬೂಟಿನಡಿ ಉರುಳುತ್ತವೆ. ಹೆಜ್ಜೆಯನ್ನು ಗಿಡ್ಡವಾಗಿಟ್ಟು, ಮಂಡಿಯನ್ನು ತುಸು ಬಾಗಿಸಿ ನಿಧಾನವಾಗಿ ಇಳಿಯಿರಿ. ಮಂಜು ಕವಿದು ದಾರಿ ಕಾಣದಾದರೆ ಏರುವುದನ್ನು ಅಲ್ಲಿಗೇ ನಿಲ್ಲಿಸಿ ಬಂದ ದಾರಿಯಲ್ಲೇ ಹಿಂದಿರುಗಬೇಕು. ಅಪಾಯವಾದರೆ 999ಕ್ಕೆ ಕರೆಮಾಡಿ, ಮೊದಲು ಪೊಲೀಸರನ್ನು, ಅವರ ಮೂಲಕ ಮೌಂಟನ್ ರೆಸ್ಕ್ಯೂ ತಂಡವನ್ನು ಕೇಳಬೇಕು.

ಬೇಸಿಗೆಯಲ್ಲಿ ಗಾಳಿ ನಿಂತ ಹೊತ್ತಿಗೆ ನುಸಿಗಳು ಮುತ್ತುತ್ತವೆ. ದಾರಿಬದಿಯ ಜರೀಗಿಡಗಳಲ್ಲಿ ಉಣ್ಣಿಗಳಿರುತ್ತವೆ. ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳನ್ನು ಪರೀಕ್ಷಿಸಿ, ಉಣ್ಣಿ ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಸಮೀಪವಾಗಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಹರಡಿದರೆ ಅದು ಲೈಮ್ ರೋಗದ ಲಕ್ಷಣವಿರಬಹುದಾದ್ದರಿಂದ ತಡಮಾಡದೆ ವೈದ್ಯರಿಗೆ ತೋರಿಸಬೇಕು.