ದಾವಣಗೆರೆಯಲ್ಲಿ ಧರಣಿ, ಮೆರವಣಿಗೆ: ಪೊಲೀಸರಿಗೆ ಏನು ಹೇಳಬೇಕು, ಏನು ಹೇಳಬೇಕಿಲ್ಲ

ಮೆಕ್ಕೆಜೋಳದ ಬೆಲೆಗೋ ಭದ್ರಾ ನಾಲೆಯ ನೀರಿಗೋ ಧರಣಿ ಮಾಡುತ್ತೇವೆಂದು ಪತ್ರಿಕಾ ಹೇಳಿಕೆ ಕೊಟ್ಟರೆ ಸಾಕು, ಸಂಘದ ಕಾರ್ಯದರ್ಶಿಗೆ ಫೋನ್ ಬರುತ್ತದೆ. ‘ಎಸ್‌ಬಿಯಿಂದ ಮಾತಾಡ್ತಿರೋದು ಸರ್. ಎಷ್ಟು ಜನ ಸೇರ್ತೀರಿ? ಯಾರ್ಯಾರು ಬರ್ತಾರೆ?’ ಎಸ್‌ಬಿ ಎಂದರೆ ಜಿಲ್ಲಾ ಎಸ್‌ಪಿ ಕೆಳಗೆ ಗುಪ್ತವಾರ್ತೆ ಕಲೆಹಾಕುವ ವಿಶೇಷ ಶಾಖೆ. ಈ ಎರಡು ಪ್ರಶ್ನೆಗಳು ಒಂದೇ ಉಸಿರಿನಲ್ಲಿ ಬಂದರೂ ಒಂದೇ ಅಲ್ಲ. ಮೊದಲನೆಯದು ಬಂದೋಬಸ್ತಿಗೆ ಬೇಕು, ಎರಡನೆಯದು ಸಂಘದ ಮನೆಯೊಳಗಿನ ಮಾತು. ಬಂದೋಬಸ್ತಿಗೆ ಬೇಕಾದ್ದನ್ನು ಅವರು ಕೇಳುವ ಮೊದಲೇ ಬರೆದು, ಧಾರಾಳವಾಗಿ ಕೊಟ್ಟುಬಿಡಿ. ಒಳಗಿನದನ್ನು ಕೇಳಿದರೆ ‘ಯಾವ ಕಾನೂನಿನ ಪ್ರಕಾರ ಕೇಳ್ತಿದ್ದೀರಿ, ನೋಟಿಸ್ ಕೊಡಿ’ ಎನ್ನಿ. ದನಿ ಏರಿಸುವ ಅಗತ್ಯವಿಲ್ಲ.

ಮೊದಲು ಪತ್ರ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಪೊಲೀಸ್ ಕಮಿಷನರ್ ಹುದ್ದೆ ಇಲ್ಲ. ಬಂದೋಬಸ್ತು ಎಸ್‌ಪಿಯವರದು, ನಿಷೇಧಾಜ್ಞೆ ಹೊರಡಿಸುವುದು ಜಿಲ್ಲಾಧಿಕಾರಿ ಅಥವಾ ಅವರ ಕೆಳಗಿನ ದಂಡಾಧಿಕಾರಿಗಳು. ‘ಪ್ರತಿಭಟನೆ ಫ್ರೀಡಂ ಪಾರ್ಕ್‌ನಲ್ಲಿ ಮಾತ್ರ’ ಎಂಬುದು ಬೆಂಗಳೂರು ನಗರದ ಕಟ್ಟಳೆ, ಇಲ್ಲಿಗೆ ಅನ್ವಯಿಸುವುದಿಲ್ಲ.

ಕನಿಷ್ಠ ಏಳು ದಿನ ಮುಂಚೆ ಪತ್ರ ಕೊಡಿ. ಎಸ್‌ಪಿಗೆ ಒಂದು, ವ್ಯಾಪ್ತಿಯ ಠಾಣೆಯ ಇನ್‌ಸ್ಪೆಕ್ಟರ್‌ಗೆ ಒಂದು, ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ನಿಮ್ಮ ಕಡತಕ್ಕೆ ಒಂದು. ಸೀಲು ಬಿದ್ದರೆ ಪತ್ರ ತಲುಪಿದೆ ಎಂದಷ್ಟೇ ಅರ್ಥ, ಅನುಮತಿ ಸಿಕ್ಕಿತೆಂದಲ್ಲ. ಉತ್ತರ ಬಾರದಿದ್ದರೆ ಮೂರನೇ ದಿನ ಜ್ಞಾಪನಾ ಪತ್ರ ಕೊಡಿ. ಬಾಯಿಮಾತಲ್ಲಿ ‘ಬೇಡ ಬಿಡಿ’ ಎಂದರೆ, ಕಾರಣವನ್ನು ಬರೆದು ಕೊಡಿ ಎಂದು ಅದೇ ದಿನ ಇನ್ನೊಂದು ಪತ್ರ ಹಾಕಿ.

ಪತ್ರದಲ್ಲಿ ಇರಬೇಕಾದ್ದು: ದಿನ, ಸೇರುವ ಸಮಯ, ಚದುರುವ ಸಮಯ, ಜಾಗ, ದಾರಿ, ಅಂದಾಜು ಜನ, ಯಾವ ತಾಲ್ಲೂಕಿನಿಂದ ಎಷ್ಟು ವಾಹನ, ಅವನ್ನು ಎಲ್ಲಿ ನಿಲ್ಲಿಸುತ್ತೀರಿ, ಮನವಿ ಯಾರಿಗೆ ಕೊಡುತ್ತೀರಿ, ಜವಾಬ್ದಾರಿ ಹೊತ್ತ ಇಬ್ಬರ ಹೆಸರು ಮತ್ತು ಫೋನ್. ಸದಸ್ಯರ ಪಟ್ಟಿ, ವಂತಿಗೆ ಕೊಟ್ಟವರ ಹೆಸರು, ಭಾಷಣದ ಪ್ರತಿ, ವಾಟ್ಸ್‌ಆ್ಯಪ್ ಗುಂಪಿನ ಕೊಂಡಿ ಇವು ಪತ್ರಕ್ಕೆ ಬೇಡ.

ಜನರ ಸಂಖ್ಯೆಯಲ್ಲೇ ಹೆಚ್ಚು ಸಂಘಗಳು ಎಡವುವುದು. ನಾನೂರು ಜನ ಬರುವಲ್ಲಿ ‘ಸಾವಿರಾರು’ ಎಂದು ಬರೆದರೆ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ತುಕಡಿ, ಬ್ಯಾರಿಕೇಡ್ ಎಲ್ಲ ಬಂದು ನಿಲ್ಲುತ್ತವೆ, ಬಿಗುವು ಅಲ್ಲಿಂದಲೇ ಶುರು. ನೂರು ಎಂದು ಬರೆದು ಸಾವಿರ ಜನ ಬಂದರೆ ಷರತ್ತು ಮುರಿದ ಆರೋಪ. ಲೆಕ್ಕ ಹೀಗೆ ಹಾಕಿ: ಸಾಲಿಗೆ ನಾಲ್ವರಂತೆ 400 ಜನ ಎಂದರೆ 100 ಸಾಲು, ಸಾಲಿಗೆ ಒಂದೂವರೆ ಮೀಟರ್ ಹಿಡಿದರೆ 150 ಮೀಟರ್ ಮೆರವಣಿಗೆ. ನಿಮಿಷಕ್ಕೆ 50 ಮೀಟರ್ ನಡೆದರೆ ಒಂದು ವೃತ್ತ ದಾಟಲು ಮೂರು ನಿಮಿಷ. ಟ್ರೇಲರ್ ಸಮೇತ 20 ಟ್ರ್ಯಾಕ್ಟರ್ ಸೇರಿದರೆ, ನಡುವಿನ ಜಾಗವೂ ಸೇರಿ ತಲಾ 15 ಮೀಟರ್‌ನಂತೆ ಇನ್ನೂ 300 ಮೀಟರ್. ಜಯದೇವ ವೃತ್ತದಿಂದ ಉಪವಿಭಾಗಾಧಿಕಾರಿ ಕಚೇರಿಗೆ ಹೋಗುವ ಮೆರವಣಿಗೆಗೆ ಈ ಲೆಕ್ಕವನ್ನು ಪತ್ರದಲ್ಲೇ ಕೊಟ್ಟರೆ, ಸಂಚಾರ ಪೊಲೀಸರು ಪಿ.ಬಿ. ರಸ್ತೆಯನ್ನು ಎಷ್ಟು ಹೊತ್ತು ತಡೆಯಬೇಕೆಂದು ತಾವೇ ತಿಳಿದುಕೊಳ್ಳುತ್ತಾರೆ. ಇಪ್ಪತ್ತೈದು ಜನಕ್ಕೊಬ್ಬ ಸ್ವಯಂಸೇವಕ ಇರಲಿ, ಒಂದು ಬದಿ ಆಂಬುಲೆನ್ಸ್‌ಗೆ ಖಾಲಿ ಇರಲಿ.

ಮೈಕಿಗೆ ಲಿಖಿತ ಅನುಮತಿ ಬೇಕೇ ಬೇಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ಪೆಂಡಾಲಿಗೆ ಮಹಾನಗರ ಪಾಲಿಕೆ, ತಾತ್ಕಾಲಿಕ ಕರೆಂಟಿಗೆ ಬೆಸ್ಕಾಂ.

ನಿಷೇಧಾಜ್ಞೆ ಬಂದರೆ

ಜನರ ಬಾಯಲ್ಲಿ ಇನ್ನೂ ‘144 ಸೆಕ್ಷನ್’. 2024ರ ಜುಲೈ 1ರಿಂದ ಅದು ಬಿಎನ್‌ಎಸ್‌ಎಸ್ 163, ಅಂದರೆ ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163. ಮೊದಲು ಆದೇಶದ ಪ್ರತಿ ಕೇಳಿ. ಅದರಲ್ಲಿ ಕಾರಣ, ಜಾಗ, ಅವಧಿ ಇರಲೇಬೇಕು. ದಂಡಾಧಿಕಾರಿಯ ಆದೇಶ ಎರಡು ತಿಂಗಳು ಮೀರುವಂತಿಲ್ಲ. ಮುಂದುವರಿಸಲು ರಾಜ್ಯ ಸರ್ಕಾರವೇ ಆದೇಶಿಸಬೇಕು, ಅದೂ ಗರಿಷ್ಠ ಇನ್ನಾರು ತಿಂಗಳು. ಆದೇಶ ಹೊರಡಿಸಿದ ದಂಡಾಧಿಕಾರಿಗೇ ರದ್ದತಿ ಅರ್ಜಿ ಹಾಕಬಹುದು. ಅವರು ನಿಮ್ಮ ಅಹವಾಲು ಕೇಳಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ಈ ಅರ್ಜಿಯನ್ನು ಬಹುತೇಕರು ಹಾಕುವುದೇ ಇಲ್ಲ. ಎರಡು ಪುಟದ ಕೆಲಸ, ಮುಂದೆ ಹೈಕೋರ್ಟಿಗೆ ಹೋದಾಗ ಬಲ ಕೊಡುತ್ತದೆ.

ಅರ್ಜಿಯಲ್ಲಿ ಹೆಸರಿಸಲು ಮೂರು ತೀರ್ಪು ಸಾಕು. ಬೀದಿಯಲ್ಲಿ ಸಭೆಯನ್ನು ನಿಯಂತ್ರಿಸಬಹುದೇ ಹೊರತು ಸಾರಾಸಗಟು ನಿಷೇಧಿಸಲಾಗದು ಎಂದ ಹಿಮತ್‌ಲಾಲ್ ಶಾ ಪ್ರಕರಣ. ನ್ಯಾಯಬದ್ಧ ಅಭಿಪ್ರಾಯ ಹತ್ತಿಕ್ಕಲು 144 ಬಳಸುವಂತಿಲ್ಲ, ಆದೇಶ ಪ್ರಕಟಿಸಬೇಕು ಎಂದ 2020ರ ಅನುರಾಧಾ ಭಾಸಿನ್ ತೀರ್ಪು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆ ಕಾನೂನುಬಾಹಿರ ಎಂದು ನಮ್ಮ ಹೈಕೋರ್ಟ್ 2020ರಲ್ಲಿ ಹೇಳಿದ್ದು. ಹಾಗೆಂದು ರಸ್ತೆಯಲ್ಲಿ ಅನಿರ್ದಿಷ್ಟ ಕಾಲ ಕೂರುವ ಹಕ್ಕಿದೆ ಎಂದುಕೊಳ್ಳಬೇಡಿ. ದೆಹಲಿಯ ಶಾಹೀನ್ ಬಾಗ್ ಧರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ಫೋನ್ ಕರೆ, ಮಫ್ತಿ, ಮುಚ್ಚಳಿಕೆ

ಬಹಿರಂಗ ಸಭೆಗೆ ಮಫ್ತಿಯಲ್ಲಿ ಬಂದು ಕೇಳಿಸಿಕೊಳ್ಳುವುದು ತಪ್ಪಲ್ಲ. ಗುರುತು ಹಿಡಿದು ಗೇಲಿ ಮಾಡಬೇಡಿ, ಕುರ್ಚಿ ಕೊಡಿ. ಸರಿಯಾಗಿ ಕೇಳಿಸಿಕೊಂಡವರ ವರದಿ, ಕೇಳದವರ ಊಹೆಗಿಂತ ನಿಮಗೇ ವಾಸಿ. ಕಾರ್ಯಕಾರಿ ಸಮಿತಿಯ ಸಭೆ ಬೇರೆ ಮಾತು. ಅಲ್ಲಿಗೆ ಕರೆಯದವರು ಬಂದರೆ ಹೊರಗೆ ಕೂರಲು ಹೇಳಬಹುದು.

‘ಸ್ವಲ್ಪ ಸ್ಟೇಷನ್‌ಗೆ ಬಂದು ಹೋಗಿ’ ಎಂಬ ಕರೆಗೆ ಹೋಗುವುದು ನಿಮ್ಮಿಷ್ಟ. ತನಿಖೆಯಲ್ಲಿರುವ ಪ್ರಕರಣಕ್ಕೆ ಸಾಕ್ಷಿಯಾಗಿ ಕರೆಸಲು ಬಿಎನ್‌ಎಸ್‌ಎಸ್ ಸೆಕ್ಷನ್ 179ರ (ಕೆಳಗಿನ 126, 170, 173(3) ಕೂಡ ಇದೇ ಕಾನೂನಿನವು) ಲಿಖಿತ ಆದೇಶ ಬೇಕು. ಮಹಿಳೆಯರು, 60 ಮೀರಿದವರು, 15ರ ಒಳಗಿನವರನ್ನು ಅವರ ಮನೆಯಲ್ಲೇ ವಿಚಾರಿಸಬೇಕು. ಒಬ್ಬರೇ ಹೋಗಬೇಡಿ, ಹೋದ ಸಮಯ ಬರೆದಿಡಿ.

ಠಾಣೆಯಲ್ಲಿ ‘ಏನೇ ಅಹಿತಕರ ಘಟನೆ ನಡೆದರೂ ನಾವೇ ಹೊಣೆ’ ಎಂಬ ಮುಚ್ಚಳಿಕೆ ಮುಂದಿಟ್ಟರೆ ಅದೇ ರೂಪದಲ್ಲಿ ಸಹಿ ಹಾಕಬೇಡಿ. ‘ನಮ್ಮ ಸ್ವಯಂಸೇವಕರನ್ನು ನಿಯೋಜಿಸಿ ಸಹಕರಿಸುತ್ತೇವೆ’ ಎಂದು ನೀವೇ ಬರೆದು ಕೊಡಿ. ಶಾಂತಿಪಾಲನೆಯ ಬಾಂಡ್ ಬರೆಸುವ ಅಧಿಕಾರ ಇರುವುದು ಸೆಕ್ಷನ್ 126ರ ಕೆಳಗೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅದಕ್ಕೂ ಕಾರಣ ಕೇಳುವ ಆದೇಶ ಬರಬೇಕು. ಹಿಂದಿನ ರಾತ್ರಿ ಮುಖಂಡರನ್ನು ಕರೆದೊಯ್ದರೆ ಅದು ಸಾಮಾನ್ಯವಾಗಿ ಸೆಕ್ಷನ್ 170. ಅದರಡಿ ಇಟ್ಟುಕೊಳ್ಳುವ ಮಿತಿ 24 ಗಂಟೆ. ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು.

ಫೋನ್ ಕದ್ದಾಲಿಕೆ ಠಾಣೆಯ ಮಟ್ಟದಲ್ಲಿ ತೀರ್ಮಾನವಾಗುವ ವಿಷಯವಲ್ಲ. ಸಾಮಾನ್ಯ ಸಂದರ್ಭದಲ್ಲಿ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಒಂದು ಆದೇಶಕ್ಕೆ 60 ದಿನ, ನವೀಕರಿಸುತ್ತಾ ಹೋದರೂ ಒಟ್ಟು 180 ದಿನ ದಾಟುವಂತಿಲ್ಲ.

ವರದಿ ಬರೆಯುವ ಸಿಬ್ಬಂದಿಗೆ

ಈ ಭಾಗ ಪೊಲೀಸರಿಗೆ. ಗುಪ್ತವಾರ್ತೆ ವರದಿ ಕೆಡುವುದು ‘ತಿಳಿದುಬಂದಿರುತ್ತದೆ’ ಎಂಬ ಒಂದು ಪದದಿಂದ. ಯಾರಿಂದ, ಯಾವಾಗ ಎಂದು ಬರೆಯದಿದ್ದರೆ ಚಹಾದಂಗಡಿಯ ಮಾತು ಎಸ್‌ಪಿ ಮೇಜು ತಲುಪುವಷ್ಟರಲ್ಲಿ ಸತ್ಯವಾಗಿಬಿಡುತ್ತದೆ. ಮೂರು ಭಾಗ ಮಾಡಿ: ಕಣ್ಣಾರೆ ಕಂಡದ್ದು, ಇನ್ನೊಬ್ಬರು ಹೇಳಿದ್ದು, ನಿಮ್ಮ ಅಂದಾಜು. ಭಾಷಣದಲ್ಲಿ ಆಡಿದ ಮಾತನ್ನೇ ಬರೆಯಿರಿ, ‘ಪ್ರಚೋದನಕಾರಿ’ ಎಂಬ ಹಣೆಪಟ್ಟಿ ಬೇಡ. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಮೂರೂ ಬೇರೆ ಎಂದು 2015ರ ಶ್ರೇಯಾ ಸಿಂಘಲ್ ತೀರ್ಪು ಬಿಡಿಸಿ ಹೇಳಿದೆ. ಮಂತ್ರಿಯನ್ನು ಬೈದದ್ದು ಮೊದಲೆರಡರಲ್ಲೇ ನಿಲ್ಲುತ್ತದೆ. ಮಾತಿನ ಮೇಲೆ ಎಫ್‌ಐಆರ್ ಕೇಳಿಬಂದರೆ, ಶಿಕ್ಷೆ ಮೂರರಿಂದ ಏಳು ವರ್ಷದೊಳಗಿನ ಅಪರಾಧಕ್ಕೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮಾಡಲು ಸೆಕ್ಷನ್ 173(3)ರಲ್ಲಿ ಅವಕಾಶವಿದೆ. 2025ರಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳಲ್ಲಿ ಆ ದಾರಿಯನ್ನೇ ಹಿಡಿಯುವುದು ಸೂಕ್ತ ಎಂದಿದೆ.

ಒಮ್ಮೆ ಧರಣಿಗೆ ಬಂದವರನ್ನೆಲ್ಲ ಕಾಯಂ ನಿಗಾ ಪಟ್ಟಿಗೆ ಸೇರಿಸಬೇಡಿ. ನಿಗಾ ಇರಬಹುದು, ಆದರೆ ಅದು ವ್ಯಕ್ತಿಯ ಸ್ವಾತಂತ್ರ್ಯವನ್ನು ಹಿಂಡುವಂತಿರಬಾರದು ಎಂದು ಸುಪ್ರೀಂ ಕೋರ್ಟ್ ಮಲಕ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪಿನ ಬಳಿಕ ಇನ್ನೂ ಸ್ಪಷ್ಟ: ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ.

ಕ್ಯಾಮೆರಾ ಮತ್ತು ಕಡತ

ಪೊಲೀಸರು ವಿಡಿಯೊ ಮಾಡುತ್ತಾರೆ, ನೀವೂ ಮಾಡಿ. ಶುರುವಿನಿಂದ ಚದುರುವವರೆಗೆ ಕತ್ತರಿಸದೆ, ಒಂದೇ ಎತ್ತರದ ಜಾಗದಿಂದ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಆದ್ದರಿಂದ ಮೆಮೊರಿ ಕಾರ್ಡನ್ನೇ ತೆಗೆದಿಡಿ. ಪ್ರತಿಯನ್ನು ಕೋರ್ಟಿಗೆ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ, ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲವೆಂದು ತೋರಿಸುವ ಗುರುತುಸಂಖ್ಯೆ) ಸಮೇತ, ಬೇಕಾಗುತ್ತದೆ.

ಪೊಲೀಸರ ದೃಶ್ಯಗಳನ್ನು ಎಷ್ಟು ದಿನ ಇಡುತ್ತಾರೆ ಎಂದು ತಿಳಿಯಲು ಎಸ್‌ಪಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ನಮ್ಮ ಮೇಲಿನ ವರದಿ ಕೊಡಿ’ ಎಂದರೆ ಮಾಹಿತಿದಾರರ ರಕ್ಷಣೆ, ತನಿಖೆಗೆ ಅಡ್ಡಿ ಎಂಬ ಕಾರಣಕ್ಕೆ ತಿರಸ್ಕಾರವಾಗುವ ಸಂಭವವೇ ಹೆಚ್ಚು. ‘ಪ್ರತಿಭಟನೆಯ ದೃಶ್ಯಗಳ ಸಂಗ್ರಹ ಮತ್ತು ನಾಶಕ್ಕೆ ಸಂಬಂಧಿಸಿದ ಸುತ್ತೋಲೆಯ ಪ್ರತಿ’ ಎಂದು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.