ತೊಡುವಾಗಲೇ ಕಳಚುವ ಲೆಕ್ಕ ಹಾಕಿ

ಬೆಳಗ್ಗೆ ಏಳು ಗಂಟೆಗೆ ಬಾಗಿಲು ತೆರೆದರೆ ಮೈ ಜುಮ್ಮೆನ್ನಿಸುವ ಗಾಳಿ. ದಪ್ಪ ಸ್ವೆಟರ್ ಏರಿಸಿಕೊಂಡು ಹೊರಟೆ. ಮಧ್ಯಾಹ್ನ ಎರಡರ ಹೊತ್ತಿಗೆ ಬಿಸಿಲು ಚುರುಕಾಗಿ, ಕಚೇರಿಯ ಕಿಟಕಿಯ ಪಕ್ಕದಲ್ಲಿ ಬೇಯತೊಡಗಿದೆ. ಸ್ವೆಟರ್ ತೆಗೆಯೋಣವೆಂದರೆ ಒಳಗಿನ ಅಂಗಿಗೆ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಮೇಲೆ ಸ್ವೆಟರ್ ಇದೆಯಲ್ಲ, ಯಾರು ನೋಡುತ್ತಾರೆ ಎಂಬ ಧೈರ್ಯದಲ್ಲಿ ಅದನ್ನೇ ಹಾಕಿಕೊಂಡು ಬಂದಿದ್ದೆ. ಸಂಜೆಯವರೆಗೆ ಸ್ವೆಟರಿನೊಳಗೇ ಬೆವೆತು, ಆರು ಗಂಟೆಗೆ ಹೊರಗೆ ಕಾಲಿಟ್ಟಾಗ ಆ ಒದ್ದೆ ಅಂಗಿ ತಣ್ಣಗೆ ಬೆನ್ನಿಗಂಟಿ ಹಲ್ಲು ಕಟಕಟಿಸಿತು. ಒಂದೇ ದಿನದಲ್ಲಿ ಸೆಕೆಗೂ ಸೋತೆ, ಚಳಿಗೂ ಸೋತೆ.

ಬೇಸಿಗೆ ಪೂರ್ತಿ ಹೋಗದ, ಶರತ್ಕಾಲ ಪೂರ್ತಿ ಬಾರದ ಈ ನಡುವಿನ ವಾರಗಳಲ್ಲಿ ಏನು ಹಾಕಿಕೊಳ್ಳಲಿ ಎಂದು ಎಲ್ಲರೂ ಕೇಳುತ್ತಾರೆ. ಏನನ್ನು ಕಳಚಬಹುದು, ಕಳಚಿದ್ದನ್ನು ಎಲ್ಲಿಡುವುದು ಎಂದು ಕೇಳುವವರು ಕಡಿಮೆ. ಆ ಅಂಗಿಯ ಪ್ರಸಂಗ ಆದಾಗಿನಿಂದ ನಾನು ಲೆಕ್ಕ ಶುರು ಮಾಡುವುದೇ ಅಲ್ಲಿಂದ.

ಹೊರಡುವ ಮುನ್ನ ಮೂರು ಅಂಕಿ

ಹವಾಮಾನ ವರದಿಯಲ್ಲಿ ಕಣ್ಣಿಗೆ ರಾಚುವುದು ದಿನದ ಗರಿಷ್ಠ ಉಷ್ಣಾಂಶ. ಈ ಕಾಲದಲ್ಲಿ ಅದೊಂದನ್ನೇ ನಂಬಿ ಹೊರಟವರು ಮೋಸ ಹೋಗುತ್ತಾರೆ. ಮೊಬೈಲ್‌ನಲ್ಲಿ ಗಂಟೆವಾರು ಮುನ್ಸೂಚನೆ ತೆರೆದು ಮೂರು ಅಂಕಿ ನೋಡಿ: ಮನೆ ಬಿಡುವ ಹೊತ್ತಿನದು, ಮಧ್ಯಾಹ್ನ ಮೂರರ ಆಸುಪಾಸಿನದು, ಮನೆಗೆ ಮರಳುವ ಹೊತ್ತಿನದು. ರಾತ್ರಿಯಿಡೀ ನೆಲ ತನ್ನ ಶಾಖವನ್ನು ಬಿಟ್ಟುಕೊಡುತ್ತಲೇ ಇರುವುದರಿಂದ ದಿನದ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ ದಾಖಲಾಗುವುದು ಸೂರ್ಯ ಹುಟ್ಟುವ ಹೊತ್ತಿಗೆ. ಗರಿಷ್ಠ ಉಷ್ಣಾಂಶ ಬರುವುದು ಸೂರ್ಯ ನೆತ್ತಿ ದಾಟಿ ಎರಡು ಮೂರು ಗಂಟೆಗಳಾದ ಬಳಿಕ. ಅಂದರೆ ಬೆಳಗಿನ ಮೊದಲ ಬಸ್ಸಿಗೆ ಓಡುವವರು ದಿನದ ಅತಿ ತಣ್ಣನೆಯ ಗಳಿಗೆಯಲ್ಲಿ ನಿಂತು ಇಡೀ ದಿನದ ಬಟ್ಟೆಯನ್ನು ತೀರ್ಮಾನಿಸುತ್ತಾರೆ. ತಪ್ಪದೆ ಇನ್ನೇನಾದೀತು?

ಉತ್ತರ ಗೋಳಾರ್ಧದಲ್ಲಿ ಸೆಪ್ಟೆಂಬರ್ 22 ಅಥವಾ 23ರಂದು, ದಕ್ಷಿಣ ಗೋಳಾರ್ಧದಲ್ಲಿ ಮಾರ್ಚ್ 20 ಅಥವಾ 21ರಂದು ಹಗಲು ರಾತ್ರಿಗಳು ಹೆಚ್ಚುಕಡಿಮೆ ಸಮವಾಗುತ್ತವೆ. ಹಗಲು ಅತಿ ವೇಗವಾಗಿ ಕುಗ್ಗುವುದು ಈ ದಿನಗಳ ಸುತ್ತಮುತ್ತಲೇ. ನೆಲ ತಣಿಯಲು ರಾತ್ರಿಗೆ ಸಾಕಷ್ಟು ಹೊತ್ತು ಸಿಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಮಾತ್ರ ಇನ್ನೂ ಸೊಕ್ಕು ಇಳಿದಿರುವುದಿಲ್ಲ. ಆಕಾಶ ಶುಭ್ರವಾಗಿ ಗಾಳಿ ಒಣಗಿದ್ದರೆ ಬೆಳಗಿಗೂ ಮಧ್ಯಾಹ್ನಕ್ಕೂ ಅಂತರ ಹಿಗ್ಗುತ್ತದೆ. ಮೋಡ ಕವಿದಿದ್ದರೆ ಹಗಲಿನ ಬಿಸಿಲನ್ನೂ ತಡೆಯುತ್ತದೆ, ರಾತ್ರಿಯ ಶಾಖವನ್ನೂ ಹಿಡಿದಿಡುತ್ತದೆ. ದಿನವೆಲ್ಲ ಒಂದೇ ಹದ.

ಮೂರು ಅಂಕಿಗಳ ನಡುವಿನ ಅಂತರ ಐದು ಡಿಗ್ರಿಯೊಳಗಿದ್ದರೆ ಕಳಚಬಹುದಾದ ಒಂದು ಪದರ ಸಾಕು. ಹತ್ತು ಡಿಗ್ರಿ ದಾಟಿದರೆ ಎರಡು ಬೇಕು. ಇದು ನಾನೇ ಮಾಡಿಕೊಂಡ ಲೆಕ್ಕ, ನಿಮ್ಮ ಮೈಗೆ ತಕ್ಕಂತೆ ಒಂದೆರಡು ಡಿಗ್ರಿ ಆಚೀಚೆ ಮಾಡಿಕೊಳ್ಳಿ. ವರದಿಯ ಅಂಕಿಯನ್ನು ಅಳೆದಿರುವುದು ನೆರಳಿನಲ್ಲಿ ಎಂಬುದೂ ನೆನಪಿರಲಿ. ಬಿಸಿಲಿನಲ್ಲಿ ನಡೆಯುವವರಿಗೆ ಅದಕ್ಕಿಂತ ಹೆಚ್ಚೇ ಅನಿಸುತ್ತದೆ.

ಇನ್ನೊಂದು ಮಾತು. ಬೇಸಿಗೆಯಿಡೀ ಸೆಕೆಗೆ ಒಗ್ಗಿದ ಮೈಗೆ ಈಗ 15 ಡಿಗ್ರಿ ಕೊರೆಯುವ ಚಳಿ. ಚಳಿಗಾಲ ಕಳೆದು ಬರುವ ಅದೇ 15 ಡಿಗ್ರಿ ಹಿತವೋ ಹಿತ. ಹಾಗಾಗಿ ಮೊದಲ ವಾರ ನಾವೆಲ್ಲ ಅಗತ್ಯಕ್ಕಿಂತ ಹೆಚ್ಚೇ ಹೇರಿಕೊಳ್ಳುತ್ತೇವೆ.

ಮೈಗೆ ತಾಗುವ ಬಟ್ಟೆ

ಇಲ್ಲಿ ನಿಯಮ ಒಂದೇ: ಒಳಗಿನ ಅಂಗಿ ಒಂಟಿಯಾಗಿಯೂ ನಾಲ್ಕು ಜನರ ಮುಂದೆ ನಿಲ್ಲುವಂತಿರಬೇಕು. ಇಸ್ತ್ರಿ ಆಗಿರಲಿ, ಗುಂಡಿಗಳೆಲ್ಲ ಇರಲಿ, ಕಾಲರ್ ಸವೆದಿರದಿರಲಿ. ಒಳಗಿನದು ನಾಚಿಸುವಂತಿದ್ದರೆ ಮೇಲಿನದು ಮೈಗೆ ಹೊಲಿದುಬಿಟ್ಟಂತೆಯೇ ಸರಿ.

ಬಟ್ಟೆಯ ಜಾತಿಯೂ ಮುಖ್ಯ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಶಾಖವನ್ನು ಸಾಗಿಸುತ್ತದೆ. ಬೆವರಿನಿಂದ ತೊಯ್ದ ಅಂಗಿ ಸಂಜೆ ಕಾಡುವುದು ಇದರಿಂದ, ಜೊತೆಗೆ ಬೆವರು ಆರುವಾಗಲೂ ಮೈಯ ಶಾಖವನ್ನೇ ಹೀರುತ್ತದೆ. ಹತ್ತಿ ಮಧ್ಯಾಹ್ನಕ್ಕೆ ತಂಪು, ಚರ್ಮಕ್ಕೆ ಮೃದು, ಆದರೆ ಒಮ್ಮೆ ಒದ್ದೆಯಾದರೆ ಆರಲು ಸತಾಯಿಸುತ್ತದೆ. ಪಾಲಿಯೆಸ್ಟರ್ ಬೇಗ ಆರುತ್ತದೆ. ವಾಸನೆಯನ್ನು ಮಾತ್ರ ಹಿಡಿದುಕೊಂಡಿರುತ್ತದೆ. ಶೇ 65ರಷ್ಟು ಆರ್ದ್ರತೆಯಿರುವ ಗಾಳಿಯಲ್ಲಿ ಸುಮ್ಮನೆ ತೂಗುಹಾಕಿದ ಉಣ್ಣೆ ತನ್ನ ತೂಕದ ಶೇ 16ರಷ್ಟು ತೇವವನ್ನು ಒಳಗೆ ಸೆಳೆದುಕೊಂಡಿರುತ್ತದೆ. ಹತ್ತಿಯಲ್ಲಿ ಇದು ಶೇ 8ರಷ್ಟು, ಪಾಲಿಯೆಸ್ಟರಿನಲ್ಲಿ ಶೇ 0.4 ಮಾತ್ರ. ಅಷ್ಟು ತೇವ ಹೀರಿಯೂ ಉಣ್ಣೆ ಕೈಗೆ ಒದ್ದೆ ಎನಿಸದು. ತೆಳು ಮೆರಿನೊ ಉಣ್ಣೆಯ ಅಂಗಿಯನ್ನು ಸೆಕೆಯಲ್ಲೂ ತೊಡುವವರಿರುವುದು ಈ ಗುಣಕ್ಕೆ. ಉಣ್ಣೆ ಎಂದೊಡನೆ ಚುಚ್ಚುವ ಕಂಬಳಿಯನ್ನು ನೆನೆಯಬೇಡಿ, ಮೆರಿನೊದ ಎಳೆ ಬಹಳ ನಯ.

ದಿನವೆಲ್ಲ ಕುರ್ಚಿಯಲ್ಲಿ ಕೂರುವವರಿಗೆ ಹತ್ತಿಯೇ ಸಾಕು. ಸೈಕಲ್ ತುಳಿಯುವವರು, ಬಿರುಸಾಗಿ ನಡೆಯುವವರು ಬೇರೆಯದನ್ನು ನೋಡಲಿ.

ಒಂದು ದಪ್ಪದ ಬದಲು ಎರಡು ತೆಳು

ಬಟ್ಟೆ ಶಾಖವನ್ನು ಎಷ್ಟು ತಡೆಯುತ್ತದೆ ಎಂದು ಅಳೆಯಲು 1941ರಲ್ಲಿ ವಿಜ್ಞಾನಿಗಳು ‘ಕ್ಲೋ’ ಎಂಬ ಮಾನವನ್ನು ತಂದರು. 21 ಡಿಗ್ರಿ ಸೆಲ್ಸಿಯಸ್ ಇರುವ, ಗಾಳಿಯಾಡದ ಕೋಣೆಯಲ್ಲಿ ಸುಮ್ಮನೆ ಕುಳಿತವರಿಗೆ ಹಿತವೆನಿಸುವಷ್ಟು ಉಡುಪು ಎಂದರೆ 1 ಕ್ಲೋ. ಈ ಲೆಕ್ಕದಲ್ಲಿ ತುಂಬುತೋಳಿನ ತೆಳು ಸ್ವೆಟರ್ ಸುಮಾರು 0.25, ದಪ್ಪನೆಯದು ಸುಮಾರು 0.36. ಎರಡು ತೆಳುವನ್ನು ಕೂಡಿಸಿ ನೋಡಿ, ದಪ್ಪದ್ದನ್ನೇ ಮೀರಿಸುತ್ತವೆ. ಬೆಚ್ಚಗಿಡುವ ಕೆಲಸದಲ್ಲಿ ದೊಡ್ಡ ಪಾಲು ನೂಲಿನ ನಡುವೆ, ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯದು. ದಪ್ಪದ್ದನ್ನು ಅರ್ಧ ಕಳಚಲು ಬರುವುದಿಲ್ಲ. ತೆಳು ಜೋಡಿಯಲ್ಲಿ ಒಂದನ್ನು ಕಳಚಿ ಒಂದನ್ನು ಉಳಿಸಿಕೊಳ್ಳಬಹುದು.

ನಡುವಿನ ಪದರಕ್ಕೆ ಮುಂದೆ ಗುಂಡಿ ಅಥವಾ ಜಿಪ್ ಇರಲೇಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ತಲೆಯ ಮೇಲಿಂದ ಎಳೆಯುವ ಸ್ವೆಟರನ್ನು ತುಂಬಿದ ಬಸ್ಸಿನಲ್ಲಿ ತೆಗೆಯಲು ಹೋಗಿ, ಕನ್ನಡಕ ಹಾರಿ, ಒಳಗಿನ ಅಂಗಿಯೂ ಜೊತೆಗೇ ಮೇಲೆದ್ದು, ಮೊಣಕೈ ಪಕ್ಕದವರ ಗಲ್ಲಕ್ಕೆ ತಗುಲಿ, ಕತ್ತಲೆಯೊಳಗಿಂದಲೇ ಕ್ಷಮೆ ಕೇಳಿದ್ದೇನೆ. ಗುಂಡಿಯಿದ್ದರೆ ಕಳಚುವ ಮೊದಲು ಬಿಚ್ಚಿ ಗಾಳಿಯಾಡಿಸಬಹುದು. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಹೊರಟ ಮೊದಲ ಐದು ನಿಮಿಷ ಸ್ವಲ್ಪ ಚಳಿ ಎನಿಸಿದರೆ ಹದ ಸರಿಯಾಗಿದೆ ಎಂದೇ ಅರ್ಥ. ಸುಮ್ಮನೆ ಕುಳಿತ ದೇಹ ಹೊರಡಿಸುವ ಶಾಖದ ಎರಡೂವರೆ ಪಟ್ಟನ್ನು ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ನಡೆಯುವ ದೇಹ ಹೊರಡಿಸುತ್ತದೆ. ಹೊಸ್ತಿಲಲ್ಲೇ ಬೆಚ್ಚಗಿದ್ದವರು ಬೀದಿಯ ತುದಿಗೆ ಬೆವರುತ್ತಾರೆ.

ಗಾಳಿಗೊಂದು ಗೋಡೆ

ಹೊರಗಿನ ಪದರಕ್ಕೆ ಬೆಚ್ಚಗಿಡುವ ಹೊಣೆ ಬೇಡ. ಪದರಗಳಲ್ಲಿ ಸಿಕ್ಕಿದ ಗಾಳಿಯನ್ನು ಹೊರಗಿನ ಗಾಳಿ ಕದ್ದೊಯ್ಯದಂತೆ ಕಾಯ್ದರೆ ಸಾಕು. ಒತ್ತಾದ ನೇಯ್ಗೆಯ, ಮುಷ್ಟಿಯೊಳಗೆ ಹಿಡಿಯುವಂಥ ತೆಳು ಜಾಕೆಟ್, ಬೆನ್ನಿಗೆ ಟೋಪಿ ಇದ್ದರೆ ಇನ್ನೂ ಒಳ್ಳೆಯದು. ನೀರು ಒಂದಿಷ್ಟೂ ಒಳಬಿಡದ ಅಗ್ಗದ ಮಳೆಕೋಟು ಒಳಗಿನ ಬೆವರನ್ನೂ ಹೊರಬಿಡುವುದಿಲ್ಲ. ಅದನ್ನು ನಿಜವಾದ ಮಳೆಗೇ ಮೀಸಲಿಡಿ. ಕೊಳ್ಳುವಾಗ ಒಳಗೆ ಸ್ವೆಟರ್ ತೊಟ್ಟುಕೊಂಡೇ ಹಾಕಿ ನೋಡಿ. ಎರಡೂ ಕೈಗಳನ್ನು ಮೇಲೆತ್ತಿ, ಬಸ್ಸಿನ ಕಂಬಿ ಹಿಡಿದಂತೆ ನಿಲ್ಲಿ. ಸೊಂಟ ಬಯಲಾಗಬಾರದು, ಹೆಗಲು ಬಿಗಿಯಬಾರದು.

ಕಳಚಿದ್ದು ಎಲ್ಲಿಗೆ?

ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ. ಎಲ್ಲವನ್ನೂ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು, ಬಾಗಿಲ ಮೂಲೆಯಲ್ಲಿ ನಿಂತು ಒಂದೊಂದಾಗಿ ಕಳಚಿ ಚೀಲದೊಳಗೆ ಸೇರಿಸಿ. ಚೀಲದಲ್ಲಿ ಜಾಗವಿಲ್ಲದೆ ತೋಳಿನ ಮೇಲೆ ಉಳಿದದ್ದು ಯಾವುದೋ, ಅದು ಸಂಜೆಯೊಳಗೆ ಎಲ್ಲಾದರೂ ಕುರ್ಚಿಯ ಬೆನ್ನಿನಲ್ಲಿ ಉಳಿದುಹೋಗುತ್ತದೆ. ಸೊಂಟಕ್ಕೆ ಕಟ್ಟಿಕೊಳ್ಳುವುದು ಸುಲಭ. ತೋಳುಗಳು ಜೋತು ಹಿಗ್ಗುತ್ತವೆ, ಕುಳಿತಲ್ಲಿ ಮುದುಡುತ್ತದೆ.

ಜಾಕೆಟನ್ನು ಸುತ್ತುವ ಬಗೆ ಹೀಗೆ. ಜಿಪ್ ಎಳೆದು, ಮುಂಭಾಗ ಕೆಳಗಾಗುವಂತೆ ಮೇಜಿನ ಮೇಲೆ ಹಾಸಿ. ಎರಡೂ ತೋಳುಗಳನ್ನು ಬೆನ್ನಿನ ಮೇಲೆ ಅಡ್ಡಕ್ಕೆ ಮಡಿಸಿ. ಎಡ ಬಲದ ಅಂಚುಗಳನ್ನು ಒಳಕ್ಕೆ ತಂದು ಟೋಪಿಯಷ್ಟೇ ಅಗಲದ ಪಟ್ಟಿ ಮಾಡಿ. ಈಗ ಕೆಳ ಅಂಚಿನಿಂದ ಟೋಪಿಯ ಕಡೆಗೆ ಬಿಗಿಯಾಗಿ ಸುರುಳಿ ಸುತ್ತುತ್ತಾ ಬನ್ನಿ, ಅಂಗೈಯಿಂದ ಒತ್ತಿ ಗಾಳಿಯನ್ನು ಹೊರಗಟ್ಟಿ. ಕುತ್ತಿಗೆಯವರೆಗೆ ಬಂದ ಸುರುಳಿಯ ಮೇಲೆ ಟೋಪಿಯನ್ನು ತಿರುವಿ ಹಾಕಿದರೆ ಅದೇ ಗವಸು. ನೀರಿನ ಬಾಟಲಿಯ ಪಕ್ಕದಲ್ಲಿ ಕೂರುವಷ್ಟು ಆಗುತ್ತದೆ. ಸ್ವೆಟರನ್ನು ಇಷ್ಟು ಬಿಗಿಯಬೇಡಿ, ಉಣ್ಣೆಗೆ ಉಸಿರಾಡಲು ಬಿಡಿ.

ಕುತ್ತಿಗೆ, ಮಣಿಕಟ್ಟು, ಪಾದ

ದೇಹದ ಶಾಖದಲ್ಲಿ ಹೆಚ್ಚಿನ ಪಾಲು ತಲೆಯಿಂದಲೇ ಸೋರುತ್ತದೆ ಎಂಬ ಮಾತು ಕಿವಿಯಿಂದ ಕಿವಿಗೆ ಬಂದಿದೆ. ಅದು ನಿಜವಲ್ಲ. ದೊಡ್ಡವರ ಮೈಯ ಹೊರಮೈಯಲ್ಲಿ ತಲೆಯದು ಸುಮಾರು ಹತ್ತನೇ ಒಂದು ಪಾಲು, ಸೋರುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಈ ಕಾಲಕ್ಕೆ ದಪ್ಪ ಟೋಪಿ ಬೇಡ, ಒಂದು ಸ್ಕಾರ್ಫ್ ಇರಲಿ. ಮುಖ, ಕುತ್ತಿಗೆ ಚಳಿಗೆ ಸೂಕ್ಷ್ಮ. ಕುತ್ತಿಗೆ ಮುಚ್ಚಿದೊಡನೆ ಇಡೀ ಮೈಗೆ ನೆಮ್ಮದಿ. ಕಳಚಿದರೆ ಜೇಬಿನಲ್ಲಿ ಕೂರುವ ಪದರ ಇದೊಂದೇ. ತೋಳು ಮಡಿಸಲು ಬರುವ ಅಂಗಿಯೂ ಅರ್ಧ ಪದರಕ್ಕೆ ಸಮ.

ಬೂಟು ಕಳಚಿ ಚೀಲಕ್ಕೆ ಹಾಕಲಾಗದು. ಆದ್ದರಿಂದ ಪಾದಕ್ಕೆ ಮಾತ್ರ ಮಧ್ಯಾಹ್ನವನ್ನು ನೋಡಿಯೇ ಆರಿಸಿ: ಮುಚ್ಚಿದ, ಗಾಳಿಯಾಡುವ ಹಗುರ ಬೂಟು, ತೆಳು ಕಾಲುಚೀಲ, ಚೀಲದಲ್ಲಿ ಇನ್ನೊಂದು ಜೊತೆ ಒಣ ಕಾಲುಚೀಲ. ಮಳೆಯ ಸುಳಿವಿದ್ದ ದಿನ ದಪ್ಪ ಜೀನ್ಸ್ ಬೇಡ, ನೆನೆದರೆ ಸಂಜೆಯವರೆಗೂ ಆರುವುದಿಲ್ಲ.

ಮಕ್ಕಳಿಗೆ ತೊಡಿಸುವಾಗ ನಿಮ್ಮ ಚಳಿಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಓಡುವ ಮಗುವಿಗೆ ನಿಮಗಿಂತ ಸೆಕೆ, ತಳ್ಳುಗಾಡಿಯಲ್ಲಿ ಕುಳಿತ ಕೂಸಿಗೆ ನಿಮಗಿಂತ ಚಳಿ. ಕೂಸಿನ ಕೈಕಾಲು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ.

ಮನೆಗೆ ಬಂದ ಮೇಲೆ

ದಿನವೆಲ್ಲ ತೊಟ್ಟ ಸ್ವೆಟರನ್ನು ನೇರವಾಗಿ ಕಪಾಟಿಗೆ ಸೇರಿಸಬೇಡಿ, ಹಾಗೆಂದು ದಿನವೂ ಒಗೆಯಲೂಬೇಡಿ. ಕುರ್ಚಿಯ ಮೇಲೆ ಹರವಿ ರಾತ್ರಿಯಿಡೀ ಗಾಳಿಗೆ ಬಿಟ್ಟರೆ ಉಣ್ಣೆ ತಾನಾಗಿ ಸರಿಹೋಗುತ್ತದೆ. ಹ್ಯಾಂಗರಿಗೆ ನೇತುಹಾಕಿದರೆ ಹೆಗಲಲ್ಲಿ ಕೊಂಬು ಮೂಡುತ್ತದೆ. ಒಳಗಿನ ಅಂಗಿ ಮಾತ್ರ ಆ ದಿನವೇ ಒಗೆತಕ್ಕೆ ಹೋಗಲಿ.

ಬೇಸಿಗೆಯ ಬಟ್ಟೆಗಳನ್ನು ಮಡಿಸಿ ಅಟ್ಟಕ್ಕೇರಿಸುವ ಆತುರ ಬೇಡ. ಮೂರು ಮಧ್ಯಾಹ್ನ ಚಳಿಯಾಯಿತೆಂದು ಎಲ್ಲವನ್ನೂ ಎತ್ತಿಟ್ಟರೆ ನಾಲ್ಕನೆಯ ದಿನ ಸುಡುಬಿಸಿಲು ಬರುತ್ತದೆ. ಎರಡೂ ಕಾಲದ ಬಟ್ಟೆಗಳಲ್ಲಿ ತಲಾ ನಾಲ್ಕೈದನ್ನು ಕೈಗೆಟಕುವ ಒಂದೇ ಅರೆಯಲ್ಲಿಡಿ. ಕೊನೆಗೆ ಎತ್ತಿಡುವ ದಿನ ಬಂದಾಗ, ಒಮ್ಮೆ ಮಾತ್ರ ತೊಟ್ಟಿದ್ದರೂ ಒಗೆದೇ ಇಡಿ: ಕಾಣದ ಬೆವರಿನ ಕಲೆ ತಿಂಗಳುಗಟ್ಟಲೆ ಕುಳಿತರೆ ಹಳದಿಗೆ ತಿರುಗುತ್ತದೆ. ಉಣ್ಣೆ ಮತ್ತು ರೇಷ್ಮೆಯಲ್ಲಿ ನುಸಿಯ ಮರಿಹುಳು ಮೊದಲು ಕಚ್ಚುವುದು ಕೊಳೆಯಾದ ಕಡೆಯನ್ನೇ, ಹೆಚ್ಚಾಗಿ ಕಾಲರ್ ಮತ್ತು ಕಂಕುಳು.